ನಲವತ್ತಮೂರನೇ ನಂಬರಿನ ಕನೆಕ್ಷನ್

ಹಾಲಿನ ಪ್ಯಾಕೆಟ್ ಮನೆಯೊಳಗೆ ಬಂದ ಕೂಡಲೇ ನಾನು ಅದರ ಮೇಲಿನ ತಾರೀಖು ಓದುತ್ತೇನೆ. ಬಾಗಿಲಿಗೆ ಬೀಗ ಹಾಕಿ ಗೇಟಿನವರೆಗೆ ಹೋದವನು ವಾಪಸ್ಸು ಬಂದು ಬೀಗ ಎಳೆದು ನೋಡುತ್ತೇನೆ. ಗ್ಯಾಸ್ ಸಿಲಿಂಡರ್ ತಂದವನ ಕೈಲಿ ಅದನ್ನು ತೂಗಿಸಿ, ಆಮೇಲೆ ಅವನ ತಕ್ಕಡಿಯ ಮೇಲೇ ಅನುಮಾನ ಬಂದು, ಐದು ಕೇಜಿ ಅಕ್ಕಿಯ ಚೀಲ ಅದಕ್ಕೆ ನೇತುಹಾಕಿ ನೋಡಿದ್ದೂ ಇದೆ. ನನ್ನ ಜೊತೆ ಬಾಳುವುದೂ ಪೊಲೀಸ್ ಸ್ಟೇಷನ್ನಿನಲ್ಲಿ ಬಾಳುವುದೂ ಒಂದೇ ಎಂದು ಹೆಂಡತಿ ಪದ್ಮಾ ಬಂದವರೆದುರೆಲ್ಲ ಹೇಳುತ್ತಾಳೆ.

ಈ ಬುದ್ಧಿ ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಬಂದದ್ದೋ ನನಗೇ ಗೊತ್ತಿಲ್ಲ. ಕೆಲಸವಂತೂ ಅದಕ್ಕೆ ಚೆನ್ನಾಗಿ ನೀರೆರೆಯಿತು. ನಾನು ವೆಬ್ ಸರ್ವರ್ ಬರೆಯುತ್ತಿದ್ದೆ. ಯಾರೋ ಎಲ್ಲೋ ಕುಳಿತು ಒಂದು ಪುಟ ಕೇಳಿದರೆ ಆ ಪುಟವನ್ನು ಅವರಿಗೆ ತಲುಪಿಸುವ ಪ್ರೋಗ್ರಾಂ ಅದು. ಈಗ ಅದು ಸಿದ್ಧವಾಗಿ ಸಿಗುತ್ತದೆ, ಒಳಗೆ ಏನಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಈ ವರ್ಷ ಅದೇ ವೃತ್ತಿಗೆ ಸೇರಿದ ನನ್ನ ತಮ್ಮನ ಮಗಳು, ನಿಮ್ಮ ಕಾಲದಲ್ಲಿ ಇದನ್ನೆಲ್ಲ ನೀವೇ ಬರೆಯುತ್ತಿದ್ದಿರಂತಲ್ಲ ದೊಡ್ಡಪ್ಪ, ಹೇಗಿತ್ತು ಎಂದು ಕೇಳಿದಳು. ಆಗ ಬಾಯಿಗೆ ಬಂದದ್ದು ಎರಡು ತಮಾಷೆಯ ಪ್ರಸಂಗ ಮಾತ್ರ. ಉಳಿದದ್ದನ್ನು ಅವಳಿಗೂ ಅವಳ ವಾರಿಗೆಯವರಿಗೂ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಮ್ಮ ಆಫೀಸು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ವೆಲ್ಡಿಂಗ್ ಶಾಪಿನ ಮೇಲಿನ ಮಹಡಿಯಲ್ಲಿತ್ತು. ಹನ್ನೊಂದು ಜನ, ಒಂದು ಎ.ಸಿ., ಅದೂ ಸರ್ವರ್ ಇಟ್ಟ ಕೋಣೆಗೆ ಮಾತ್ರ. ಮಾಲೀಕರು ರಂಗನಾಥ್. ಮೊದಲು ಟ್ರಾನ್ಸ್‌ಫಾರ್ಮರ್ ಸುತ್ತುವ ಶೆಡ್ ನಡೆಸಿ, ಅಲ್ಲಿ ತಾಮ್ರದ ತಂತಿ ಕಳುವಾಗಿ ಕಳುವಾಗಿ ಬೇಸತ್ತು, ಕದಿಯಲು ಏನೂ ಇರದ ವ್ಯಾಪಾರ ಎಂದುಕೊಂಡು ಸಾಫ್ಟ್‌ವೇರಿಗೆ ಬಂದವರು. ಇಲ್ಲಿಯೂ ಕದಿಯಬಹುದು ಎಂದು ತಿಳಿದ ದಿನ ಎಲ್ಲ ಕಂಪ್ಯೂಟರುಗಳ ಫ್ಲಾಪಿ ಡ್ರೈವ್ ಕಿತ್ತು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಸಂಜೆ ಹೊರಡುವಾಗ ಊಟದ ಡಬ್ಬಿ ತೆರೆಸಿ ನೋಡುತ್ತಿದ್ದರು. ಅಂಥವರಿಗೆ ನಾನು ಬಹಳ ಹಿಡಿಸಿದ್ದೆ.

ನಮ್ಮ ದೊಡ್ಡ ಗಿರಾಕಿ ವಿಜಯನಗರದ ಒಂದು ವಧೂವರರ ಮಾಹಿತಿ ಕೇಂದ್ರ. ಹೆಸರು ಬೇಡ. ಹೆಸರು ನೋಂದಾಯಿಸಿದ ಪ್ರತಿ ಮನೆಯವರಿಗೂ ಒಂದು ಪಾಸ್‌ವರ್ಡ್. ಅದನ್ನು ಹಾಕಿದರೆ ಅವರವರ ಪುಟ ತೆರೆಯುತ್ತದೆ. ಅದರಲ್ಲಿ ತಮ್ಮ ಮಗಳ ಅಥವಾ ಮಗನ ವಿವರ, ಜಾತಕ, ಫೋಟೊ, ಬಂದ ಸಂಬಂಧಗಳು, ಮನೆಯ ವಿಳಾಸ. ಆಗ ಮನೆಗೆ ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯ ಮೇಲೆ. ಫೋಟೊ ಹಣೆಯಿಂದ ಶುರುವಾಗಿ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಗಡ್ಡ ಬರುವಷ್ಟರಲ್ಲಿ ಲೈನ್ ಕಟ್ಟಾಗುತ್ತಿತ್ತು.

ನಾನು ಬರೆದ ಮೊದಲ ಸರ್ವರಿನಲ್ಲಿ ಪುಟ ಕೇಳಿ ಬಂದ ಒಬ್ಬೊಬ್ಬ ಗಿರಾಕಿಗೂ ಒಂದು ಥ್ರೆಡ್. ಥ್ರೆಡ್ ಎಂದರೆ ಒಂದೇ ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ಕೆಲಸ ಮಾಡುವ ಒಬ್ಬ ಆಳು ಎಂದುಕೊಳ್ಳಿ. ಬಂದವರಿಗೆಲ್ಲ ಒಬ್ಬೊಬ್ಬ ಆಳು ಸಿಕ್ಕರೆ ಚೆನ್ನವೇ. ಆದರೆ ಆ ಆಳು ಗಿರಾಕಿಯ ನಿಧಾನದ ತಂತಿಯಲ್ಲಿ ಫೋಟೊ ಇಳಿದು ಮುಗಿಯುವ ತನಕ ಬೇರೆ ಕೆಲಸ ಮಾಡದೆ ನಿಂತೇ ಇರುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ, ತಿಂಡಿ ಮುಗಿಸಿದ ಇಡೀ ಪಶ್ಚಿಮ ಬೆಂಗಳೂರಿನ ತಂದೆತಾಯಂದಿರು ಒಟ್ಟಿಗೆ ಕಂಪ್ಯೂಟರಿನ ಮುಂದೆ ಕುಳಿತಾಗ, ನಮ್ಮ ಯಂತ್ರದೊಳಗೆ ನೂರಾರು ಥ್ರೆಡ್ಡುಗಳು ಸುಮ್ಮನೆ ನಿಂತು, ಮೆಮೊರಿಯೆಲ್ಲ ತುಂಬಿ, ಎಲ್ಲವೂ ಸ್ತಬ್ಧವಾಯಿತು.

ಆಮೇಲೆ ನಾನು ಎರಡನೆಯ ಸರ್ವರ್ ಬರೆದೆ. ಇದರಲ್ಲಿ ಕಾವಲಿಗೆ ಒಂದೇ ಥ್ರೆಡ್. ಅದು ಎಲ್ಲ ಕನೆಕ್ಷನ್ನುಗಳ ಮೇಲೂ ಕಣ್ಣಿಟ್ಟಿರುತ್ತದೆ. ಯಾವ ಕನೆಕ್ಷನ್ನಿನಲ್ಲಿ ಕೇಳಿಕೆ ಬಂತೋ ಅದನ್ನು ಒಳಗಿನ ಎಂಟು ಕೆಲಸಗಾರ ಥ್ರೆಡ್ಡುಗಳಲ್ಲಿ ಬಿಡುವಿರುವ ಒಂದಕ್ಕೆ ಒಪ್ಪಿಸುತ್ತದೆ. ಅದು ಡೇಟಾಬೇಸಿನಿಂದ ಪುಟ ತಂದು, ತಂತಿ ಹಿಡಿಸುವಷ್ಟನ್ನು ಕಳಿಸಿ, ಉಳಿದದ್ದನ್ನು ಬದಿಗಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತದೆ. ತಂತಿ ಮತ್ತೆ ತೆರವಾದಾಗ ಕಾವಲಿನ ಥ್ರೆಡ್ ಕೂಗಿ ಹೇಳುತ್ತದೆ. ಇದಕ್ಕೆ ಅಸಿಂಕ್ರೊನಸ್ ಎಂಬ ಉದ್ದನೆಯ ಹೆಸರು. ಬಾಗಿಲಲ್ಲಿ ನಿಂತು ಕಾಯದಿರುವುದು ಎಂದಷ್ಟೇ ಅದರ ಅರ್ಥ. ಒಂಬತ್ತು ಥ್ರೆಡ್ಡುಗಳಲ್ಲಿ ಸಾವಿರ ಜನರನ್ನು ನಿಭಾಯಿಸಿದೆ ಎಂದು ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಆ ಎದೆ ಇಳಿಯಲು ಒಂದು ವಾರ ಹಿಡಿಯಿತು. ಕಳಿಸು ಎಂದು ಕೊಟ್ಟದ್ದನ್ನು ತಂತಿ ಪೂರ್ತಿ ತೆಗೆದುಕೊಳ್ಳುವುದಿಲ್ಲ, ಎಷ್ಟು ತೆಗೆದುಕೊಂಡೆ ಎಂದು ತಿರುಗಿ ಹೇಳುತ್ತದೆ. ಒಂದು ಜಾಗದಲ್ಲಿ ಆ ಉತ್ತರವನ್ನು ನೋಡದೆ ನಾನು ಎಲ್ಲ ಹೋಯಿತು ಎಂದು ನಂಬಿದ್ದೆ. ಗಿರಾಕಿಗಳಿಗೆ ವರರ ಮುಖ ಮೂಗಿನ ತನಕ ಮಾತ್ರ ಹೋಗತೊಡಗಿತು. ಒಬ್ಬ ತಾಯಿ ಫೋನ್ ಮಾಡಿ, ಹುಡುಗನಿಗೆ ಹಲ್ಲುಬ್ಬು ಇದೆಯೋ ಏನೋ ಅಂತ ಮುಚ್ಚಿಡ್ತಿದೀರಾ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅವತ್ತಿನಿಂದ ನೆಟ್‌ವರ್ಕ್ ಹೇಳುವ ಒಂದು ಮಾತನ್ನೂ ನಾನು ಹಾಗೇ ನಂಬಲಿಲ್ಲ. ನೀವೂ ನಂಬಬೇಡಿ. ಬಂದಿದೆ ಎಂದರೆ ಅರ್ಧ ಬಂದಿರಬಹುದು, ಹೋಗಿದೆ ಎಂದರೆ ಅರ್ಧ ಹೋಗಿರಬಹುದು.

ಇನ್ನೊಂದು ಪ್ರಸಂಗ ನನ್ನ ತಲೆ ಕೆಡಿಸಿದ್ದು. ಮಧ್ಯಾಹ್ನ ಊಟದ ನಂತರ ದಿನವೂ ಎಲ್ಲ ಕನೆಕ್ಷನ್ನುಗಳು ಒಮ್ಮೆಗೇ ಬಿದ್ದುಹೋಗುತ್ತಿದ್ದವು. ಎಲ್ಲರೂ ನನ್ನ ಹೊಸ ಸರ್ವರಿನ ಕಡೆ ಬೆರಳು ತೋರಿಸಿದರು. ನನಗೆ ಕೆಳಗಿನ ವೆಲ್ಡಿಂಗ್ ಶಾಪಿನ ಮೇಲೆ ಅನುಮಾನ. ಅಲ್ಲಿ ಹೋಗಿ ಸ್ಟೂಲ್ ಹಾಕಿಕೊಂಡು ಮೂರು ದಿನ ಕುಳಿತೆ. ಊಟ ಮುಗಿಸಿ ಅವರು ದೊಡ್ಡ ಮೆಷಿನ್ ಹಚ್ಚಿದ ಕ್ಷಣಕ್ಕೇ ಮೇಲೆ ನಮ್ಮ ನೆಟ್‌ವರ್ಕ್ ಸ್ವಿಚ್ ಆರಿ ಹೊತ್ತುತ್ತಿತ್ತು. ಕರೆಂಟು ಕುಸಿಯುತ್ತಿತ್ತು ಅಷ್ಟೆ. ರಂಗನಾಥ್ ನನ್ನ ಬೆನ್ನು ತಟ್ಟಿ, ಮೂರ್ತಿಯವರ ಮೂಗು ಪೊಲೀಸ್ ನಾಯಿಯದು ಎಂದು ಎಲ್ಲರೆದುರು ಹೇಳಿದರು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ನನ್ನನ್ನು ಹಾಳು ಮಾಡಿದ್ದು ಅದೇ.

ಇನ್ನು ಸತ್ತ ಕನೆಕ್ಷನ್ನುಗಳ ವಿಷಯ. ಲೈನ್ ಕಟ್ಟಾದ ಗಿರಾಕಿ ಹೊರಟುಹೋದರೂ ಅವನ ಕನೆಕ್ಷನ್ ನಮ್ಮಲ್ಲಿ ಉಳಿಯುತ್ತಿತ್ತು. ಪ್ರತಿ ಕನೆಕ್ಷನ್ನಿಗೂ ಆಪರೇಟಿಂಗ್ ಸಿಸ್ಟಂ ಒಂದು ಸಣ್ಣ ನಂಬರ್ ಕೊಡುತ್ತದೆ. ನಾವು ಅದನ್ನು ಮುಚ್ಚುವ ತನಕ ಆ ನಂಬರ್ ಬೇರೆಯವರಿಗೆ ಸಿಗುವುದಿಲ್ಲ. ಹೀಗೆ ನಂಬರುಗಳು ಖರ್ಚಾಗಿ ಒಮ್ಮೆ ಹೊಸಬರು ಒಳಗೇ ಬರಲಾಗಲಿಲ್ಲ. ಮಾತಾಡದೆ ಕುಳಿತ ಕನೆಕ್ಷನ್ ಎಂದರೆ ನನ್ನ ಕಣ್ಣಿಗೆ ಸೀಟು ಹಿಡಿದು ಮಲಗಿದ ಪ್ರಯಾಣಿಕನಂತೆ ಕಾಣುತ್ತಿತ್ತು. ಅದಕ್ಕೇ ಕಾವಲಿನ ಥ್ರೆಡ್ಡಿನಲ್ಲಿ ಒಂದು ಸಾಲು ಸೇರಿಸಿದೆ. ಆ ತುದಿ ಕಟ್ಟಾಗಿದೆ ಎಂದು ತಿಳಿದ ತಕ್ಷಣ, ಯಾರನ್ನೂ ಕೇಳದೆ, ನಂಬರನ್ನು ಮುಚ್ಚಿಬಿಡು. ಒಂದೇ ಸಾಲು. ಬಹಳ ಅಚ್ಚುಕಟ್ಟಾಗಿದೆ ಎನಿಸಿತ್ತು.

ಅದೇ ವಾರ ಗಿರಿಜಾ ಕೆಲಸಕ್ಕೆ ಸೇರಿದಳು. ಗದಗದ ಕಡೆಯವಳು, ಇಪ್ಪತ್ತಮೂರು ವರ್ಷ. ತಾಯಿಯನ್ನೂ ಕರೆದುಕೊಂಡು ಬಂದು ಶ್ರೀಗಂಧದ ಕಾವಲಿನಲ್ಲಿ ಒಂದು ಸಣ್ಣ ಮನೆ ಹಿಡಿದಿದ್ದಳು. ಆರು ತಿಂಗಳು ಪ್ರೊಬೇಷನ್, ಆಮೇಲೆ ಕೆಲಸ ಕಾಯಂ. ಸರ್ವರಿನ ಲಾಗ್ ಓದುವುದು ಅವಳ ಕೆಲಸ. ಯಾವ ಕನೆಕ್ಷನ್ ಎಷ್ಟು ಹೊತ್ತಿಗೆ ಬಂತು, ಏನು ಕೇಳಿತು, ಯಾವಾಗ ಹೋಯಿತು ಎಂದು ಸರ್ವರ್ ತಾನೇ ಬರೆದುಕೊಳ್ಳುವ ದಿನಚರಿ ಅದು. ಯಾರೂ ಓದಲು ಇಷ್ಟಪಡದ ಕೆಲಸ. ಗಿರಿಜಾ ಮಾತ್ರ ಒಂದು ರೂಲ್ಡ್ ನೋಟ್‌ಬುಕ್ಕಿನಲ್ಲಿ ಕೆಂಪು ನೀಲಿ ಪೆನ್ನುಗಳಲ್ಲಿ ಗೆರೆ ಎಳೆದುಕೊಂಡು ಏನೇನೋ ಬರೆಯುತ್ತಿದ್ದಳು. ನಾನು ಹತ್ತಿರ ಹೋದರೆ ಮುಚ್ಚುತ್ತಿದ್ದಳು. ನಾಚಿಕೆಗೆ ಮುಚ್ಚುತ್ತಿದ್ದಳು ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಬಸವೇಶ್ವರನಗರದಿಂದ ನಿವೃತ್ತ ಮೇಷ್ಟರೊಬ್ಬರು ಕೈಯಲ್ಲಿ ಒಂದು ಪ್ರಿಂಟ್‌ಔಟ್ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದರು. ಮಾಹಿತಿ ಕೇಂದ್ರದವರು ನಮ್ಮ ವಿಳಾಸ ಕೊಟ್ಟು ಕಳಿಸಿದ್ದರು. ಅವರು ಕೂಗಾಡಲಿಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ. ತಮ್ಮ ಪಾಸ್‌ವರ್ಡ್ ಹಾಕಿ ತಮ್ಮ ಪುಟ ತೆಗೆದಾಗ ಬಂದದ್ದು ಈ ಹಾಳೆ ಎಂದು ಮೇಜಿನ ಮೇಲಿಟ್ಟರು. ಯಾವುದೋ ಹುಡುಗಿಯ ಫೋಟೊ, ಜಾತಕ, ಮನೆ ವಿಳಾಸ, ಫೋನ್ ನಂಬರ್.

"ಇದು ಯಾರ ಮಗಳೋ ನಂಗೆ ಗೊತ್ತಿಲ್ಲ ಸಾರ್," ಎಂದರು. "ಇವಳದ್ದು ನನ್ನ ಮನೆಗೆ ಬಂತು. ಹಾಗಾದ್ರೆ ನನ್ನ ಮಗಳದ್ದು ಯಾರ ಮನೇಲಿದೆ?"

ಅವರು ಹೋದ ಮೇಲೆ ನಾನು ಪಾಸ್‌ವರ್ಡ್ ಪರೀಕ್ಷಿಸುವ ಭಾಗವನ್ನು ಓದಿದೆ, ಪುಟ ತರುವ ಭಾಗವನ್ನು ಓದಿದೆ. ಎಲ್ಲ ಸರಿಯಾಗಿತ್ತು. ಮುಂದಿನ ವಾರ ಇಂಥವೇ ಮೂರು ದೂರು ಬಂದವು. ನಾವೇ ನೂರು ಸಲ ಪ್ರಯತ್ನಿಸಿದರೂ ಆಫೀಸಿನೊಳಗೆ ಒಮ್ಮೆಯೂ ಹಾಗಾಗಲಿಲ್ಲ. ಕೋಡ್ ತಪ್ಪಿದ್ದರೆ ನಮ್ಮೆದುರೂ ತಪ್ಪಬೇಕಿತ್ತು. ತಪ್ಪುತ್ತಿಲ್ಲ ಎಂದರೆ ಯಾರೋ ಬೇಕೆಂದೇ ಮಾಡುತ್ತಿದ್ದಾರೆ. ಇದು ನನ್ನ ತರ್ಕ. ರಂಗನಾಥರಿಗೂ ಇದೇ ಬೇಕಿತ್ತು. ತಾಮ್ರದ ತಂತಿಯ ಕಾಲದಿಂದಲೂ ಅವರ ಮೊದಲ ಪ್ರಶ್ನೆ ಒಂದೇ: ಹೊಸಬರು ಯಾರು?

ಹೊಸಬಳು ಒಬ್ಬಳೇ. ದೂರು ಶುರುವಾದದ್ದು ಅವಳು ಬಂದ ಮೇಲೆ. ಎಲ್ಲರ ಕನೆಕ್ಷನ್ನುಗಳ ವಿವರ ಇರುವ ಲಾಗ್ ಅವಳ ಕೈಯಲ್ಲಿದೆ. ಬಚ್ಚಿಟ್ಟುಕೊಂಡು ಬರೆಯುವ ನೋಟ್‌ಬುಕ್ ಬೇರೆ. ನಾನು ಅವಳ ಮೇಲೆ ಕಣ್ಣಿಡತೊಡಗಿದೆ. ಯಾವಾಗ ಊಟಕ್ಕೆ ಎದ್ದಳು, ಯಾರ ಜೊತೆ ಮಾತಾಡಿದಳು, ಎಲ್ಲವನ್ನೂ ಗುರುತು ಹಾಕಿಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಒಂದು ಶನಿವಾರ ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿಸಿ ಹೊರಟವಳ ಹಿಂದೆ ನಾನೂ ಬಸ್ ಹತ್ತಿದೆ. ಗಂಡಸರ ಕಡೆ ಹಿಂದೆ ನಿಂತು ಅವಳ ಜಡೆಯನ್ನೇ ನೋಡುತ್ತಿದ್ದೆ, ಎಲ್ಲಿ ಇಳಿದುಬಿಡುತ್ತಾಳೋ ಎಂದು.

ಅವಳು ಮನೆಯ ಕಡೆ ಹೋಗದೆ ವಿಜಯನಗರದಲ್ಲಿ ಇಳಿದು ಒಂದು ಸೈಬರ್ ಸೆಂಟರ್ ಹೊಕ್ಕಳು. ನಾನು ಎದುರಿನ ಬೇಕರಿಯಲ್ಲಿ ಒಂದು ದಿಲ್‌ಪಸಂದ್ ಹಿಡಿದು ನಿಂತೆ. ಬಾಗಿಲ ಹತ್ತಿರದ ಕಂಪ್ಯೂಟರೇ ಅವಳಿಗೆ ಸಿಕ್ಕಿತ್ತು, ಗಾಜಿನಾಚೆ ಪರದೆ ಕಾಣುತ್ತಿತ್ತು. ಮಾಹಿತಿ ಕೇಂದ್ರದ ಗುಲಾಬಿ ಬಣ್ಣದ ಪುಟ. ಅದನ್ನು ತೆರೆಯುತ್ತಾಳೆ, ಅರ್ಧ ಬರುವಷ್ಟರಲ್ಲಿ ನಿಲ್ಲಿಸುತ್ತಾಳೆ. ಮತ್ತೆ ತೆರೆಯುತ್ತಾಳೆ, ಮತ್ತೆ ನಿಲ್ಲಿಸುತ್ತಾಳೆ. ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ನಾನು ಗಡಿಯಾರ ನೋಡಿಕೊಂಡೆ. ಸೋಮವಾರ ಬೆಳಿಗ್ಗೆ ಬಂದ ಎರಡು ದೂರುಗಳೂ ಶನಿವಾರದ ಅದೇ ಹೊತ್ತಿನವು.

ನನ್ನ ಎದೆ ಖುಷಿಯಿಂದ ಹೊಡೆದುಕೊಂಡಿತು. ಖುಷಿ ಎಂದೇ ಬರೆಯುತ್ತೇನೆ, ಬೇರೆ ಪದ ಹುಡುಕುವುದಿಲ್ಲ. ಆ ಸೋಮವಾರವೇ ರಂಗನಾಥರ ಕೋಣೆಗೆ ಹೋಗಲು ನಾನು ಎದ್ದಾಗ ಗಿರಿಜಾ ನೋಟ್‌ಬುಕ್ ಹಿಡಿದು ನನ್ನ ಮೇಜಿನ ಹತ್ತಿರವೇ ಬಂದಳು.

"ಸರ, ಒಂದ ಮಾತ ಹೇಳ್ಬೇಕಿತ್ರಿ," ಎಂದಳು. "ಪುಟ ಪೂರಾ ಬರೂದ್ರಾಗ ಮಂದಿ ಕಟ್ ಮಾಡ್ತಾರಲ್ರಿ, ಆವಾಗ ಈ ಅದಲು ಬದಲು ಆಗಾಕತ್ತೈತಿ. ಶನಿವಾರ ಸೈಬರ್ ಸೆಂಟರ್‌ನ್ಯಾಗ ಕುಂತು ಮಾಡಿ ನೋಡಿನ್ರಿ. ನಮ್ಮ ಆಫೀಸನ್ಯಾಗ ಲೈನ್ ಜೋರ್ ಐತ್ರಿ, ಕಟ್ ಮಾಡೂದ್ರಾಗ ಪುಟ ಬಂದ್ಬಿಡ್ತೈತಿ. ಅದಕ್ಕ ನಮಗ ಕಾಣಂಗಿಲ್ಲ."

ಇಡೀ ಉತ್ತರ ಅದರಲ್ಲೇ ಇತ್ತು. ನಾನು ಕೇಳಿಸಿಕೊಂಡದ್ದೇ ಬೇರೆ. ಬೇಕರಿಯ ಮುಂದೆ ನನ್ನನ್ನು ನೋಡಿದ್ದಾಳೆ, ಸಿಕ್ಕಿಬೀಳುವ ಮೊದಲೇ ತಾನಾಗಿ ಬಂದು ಕಥೆ ಕಟ್ಟುತ್ತಿದ್ದಾಳೆ, ಎಷ್ಟು ಚುರುಕು ನೋಡು ಎಂದುಕೊಂಡೆ. ನೋಟ್‌ಬುಕ್ ಇಲ್ಲಿಟ್ಟು ಹೋಗಿ ಎಂದೆ. ಅವಳು ಇಟ್ಟು ಹೋದಳು. ಅದನ್ನು ತೆರೆದು ನೋಡದೆಯೇ ರಂಗನಾಥರ ಮೇಜಿನ ಮೇಲೆ ಸಾಕ್ಷಿಯಾಗಿ ಇಟ್ಟೆ.

ವಿಚಾರಣೆ ಹತ್ತು ನಿಮಿಷ. ಗಿರಾಕಿಗಳ ಪುಟಗಳನ್ನು ಹೊರಗಿನ ಕಂಪ್ಯೂಟರಿನಿಂದ ತೆರೆದದ್ದು ಹೌದೋ ಅಲ್ಲವೋ ಎಂದು ರಂಗನಾಥ್ ಕೇಳಿದರು. ಹೌದು, ಪರೀಕ್ಷೆಗೆಂದು ಇಟ್ಟಿದ್ದ ಪಾಸ್‌ವರ್ಡಿನಲ್ಲಿ ಎಂದಳು. ಯಾರ ಅನುಮತಿಯಿಂದ ಎಂದರು. ಅವಳು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಆ ಸಂಜೆಗೇ ಅವಳನ್ನು ಕೆಲಸದಿಂದ ತೆಗೆದರು. ಕೊಟ್ಟ ಪತ್ರದಲ್ಲಿ, ಗಿರಾಕಿಗಳ ಮಾಹಿತಿಯ ದುರ್ಬಳಕೆಯ ಶಂಕೆಯ ಮೇಲೆ, ಎಂದು ಬರೆದಿತ್ತು. ಆ ವಾಕ್ಯವನ್ನು ಹೇಳಿ ಬರೆಸಿದವನು ನಾನು.

ಆ ಪತ್ರ ಏನು ಮಾಡುತ್ತದೆ ಎಂದು ಈ ವೃತ್ತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಕಂಪನಿ ಮೊದಲು ಕೇಳುವುದೇ ಹಿಂದಿನ ಕಂಪನಿಯ ಪತ್ರವನ್ನು. ಆ ಒಂದು ವಾಕ್ಯ ಕೈಯಲ್ಲಿದ್ದರೆ ಈ ಊರಿನಲ್ಲಿ ಅವಳಿಗೆ ಯಾರೂ ಕೀಬೋರ್ಡ್ ಮುಟ್ಟಲು ಬಿಡುವಂತಿರಲಿಲ್ಲ.

ಅವಳು ಹೋದ ಮೇಲೆ ದೂರು ನಿಂತಿತು. ಒಂದು ದಿನ, ಎರಡು ದಿನ, ಎಂಟು ದಿನ. ದಸರಾ ರಜೆ, ಜನ ಊರಿಗೆ ಹೋಗಿದ್ದಾರೆ, ಸೈಟಿಗೆ ಬರುವವರೇ ಕಡಿಮೆ ಎಂಬುದು ನನ್ನ ತಲೆಗೆ ಬರಲಿಲ್ಲ. ನನ್ನ ಮೂಗಿನ ಬಗ್ಗೆ ರಂಗನಾಥ್ ಮತ್ತೆ ನಾಲ್ಕು ಒಳ್ಳೆಯ ಮಾತಾಡಿದರು. ರಜೆ ಮುಗಿದ ಸೋಮವಾರ ಐದು ದೂರು ಒಟ್ಟಿಗೆ ಬಂದವು. ಅವಳು ಕಟ್ಟಡದಲ್ಲೇ ಇಲ್ಲ, ಪಾಸ್‌ವರ್ಡುಗಳೆಲ್ಲ ಬದಲಾಗಿವೆ. ಅನುಮಾನಪಡಲು ಹೊರಗೆ ಯಾರೂ ಉಳಿದಿರಲಿಲ್ಲ.

ರಂಗನಾಥರ ಬೀರುವಿನಿಂದ ನೋಟ್‌ಬುಕ್ ತೆಗೆಸಿಕೊಂಡು ಬೆಳಗಿನ ಬಿಸಿಲು ಬೀಳುವ ಕಿಟಕಿಯ ಪಕ್ಕ ಕುಳಿತೆ. ನಾಲ್ಕು ಕಾಲಂ. ಕನೆಕ್ಷನ್ ನಂಬರ್, ಬಂದ ಹೊತ್ತು, ಕಟ್ಟಾದ ಹೊತ್ತು, ಅದೇ ನಂಬರ್ ಮತ್ತೆ ಯಾವಾಗ ಯಾರಿಗೆ ಸಿಕ್ಕಿತು. ನೀಲಿಯಲ್ಲಿ ನಂಬರ್ ನಲವತ್ತಮೂರು, ಕಟ್. ಅದರ ಕೆಳಗೆ ಕೆಂಪಿನಲ್ಲಿ ಮತ್ತೆ ನಲವತ್ತಮೂರು, ಬೇರೆ ಗಿರಾಕಿ, ಅದೇ ಸೆಕೆಂಡು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪ್ರಶ್ನೆ: ಒಳಗಿನ ಕೆಲಸಗಾರ ಥ್ರೆಡ್ಡಿಗೆ ಇದನ್ನು ಯಾರು ಹೇಳುತ್ತಾರೆ?

ಯಾರೂ ಹೇಳುತ್ತಿರಲಿಲ್ಲ. ಕೆಲಸಗಾರ ಥ್ರೆಡ್ ನಲವತ್ತಮೂರನೇ ನಂಬರಿನವರ ಪುಟ ತರಲು ಡೇಟಾಬೇಸಿಗೆ ಹೋಗಿರುತ್ತದೆ. ಅಷ್ಟರಲ್ಲಿ ಆ ಮನೆಯವರ ಲೈನ್ ಕಟ್ಟಾಗುತ್ತದೆ. ಕಾವಲಿನ ಥ್ರೆಡ್, ನಾನು ಸೇರಿಸಿದ ಆ ಅಚ್ಚುಕಟ್ಟಾದ ಸಾಲಿನ ಪ್ರಕಾರ, ಯಾರನ್ನೂ ಕೇಳದೆ ನಂಬರನ್ನು ಮುಚ್ಚುತ್ತದೆ. ಆಪರೇಟಿಂಗ್ ಸಿಸ್ಟಂ ಖಾಲಿಯಾದ ನಂಬರನ್ನೇ ಮುಂದೆ ಬಂದವರಿಗೆ ಕೊಡುತ್ತದೆ. ಪುಟ ಹಿಡಿದು ವಾಪಸ್ಸು ಬಂದ ಕೆಲಸಗಾರ ನಲವತ್ತಮೂರಕ್ಕೆ ಅದನ್ನು ತಲುಪಿಸುತ್ತದೆ. ಅಲ್ಲಿ ಈಗ ಬೇರೆ ಮನೆಯವರು ಕುಳಿತಿದ್ದಾರೆ. ಒಬ್ಬರ ಮಗಳು ಇನ್ನೊಬ್ಬರ ಪರದೆಯ ಮೇಲೆ. ಆ ವಾರ ಆಫೀಸಿನಲ್ಲಿ ಹೊಸದಾಗಿ ಬಂದದ್ದು ಗಿರಿಜಾ ಒಬ್ಬಳೇ ಅಲ್ಲ, ನನ್ನ ಸಾಲೂ ಅದೇ ವಾರದ್ದು. ನಾನು ಒಂದನ್ನು ಮಾತ್ರ ನೋಡಿದೆ.

ಮೇಜಿನ ಮೇಲೆ ತಲೆಯಿಟ್ಟು ಕುಳಿತುಬಿಟ್ಟೆ. ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ, ಅದೂ ಯಾರೂ ಏನೂ ಅನ್ನದೆ.

ಸರಿಪಡಿಸಲು ಎರಡು ದಿನ ಸಾಕಾಯಿತು. ಇದನ್ನು ಗಮನವಿಟ್ಟು ಓದಿ, ನಿಮಗೆ ಬೇಕಾಗುತ್ತದೆ. ಪ್ರತಿ ಕನೆಕ್ಷನ್ನಿಗೂ ನಮ್ಮದೇ ಒಂದು ಕ್ರಮಸಂಖ್ಯೆ ಕೊಟ್ಟೆ, ಅದು ಯಾವತ್ತೂ ಎರಡನೆಯವರಿಗೆ ಸಿಗುವುದಿಲ್ಲ. ಪುಟ ಕಳಿಸುವ ಮುನ್ನ ಕ್ರಮಸಂಖ್ಯೆ ತಾಳೆಯಾಗಬೇಕು. ಕಾವಲಿನ ಥ್ರೆಡ್ ಇನ್ನು ಏನನ್ನೂ ಮುಚ್ಚುವಂತಿಲ್ಲ, ಕಟ್ಟಾಗಿದೆ ಎಂದು ಗುರುತು ಮಾತ್ರ ಹಾಕಬೇಕು. ಆ ಕನೆಕ್ಷನ್ನನ್ನು ಹಿಡಿದಿರುವ ಕೊನೆಯ ಥ್ರೆಡ್ ಕೈಬಿಟ್ಟ ಮೇಲಷ್ಟೇ ನಂಬರ್ ಮುಚ್ಚಬೇಕು. ಆಮೇಲೆ ನಾನೇ ಅದೇ ಸೈಬರ್ ಸೆಂಟರಿನಲ್ಲಿ ಒಂದು ಮಧ್ಯಾಹ್ನವಿಡೀ ಕುಳಿತು ಪುಟ ತೆರೆದು, ನಿಲ್ಲಿಸಿ, ತೆರೆದು, ನಿಲ್ಲಿಸಿ ನೋಡಿದೆ. ಅದಲು ಬದಲಾಗಲಿಲ್ಲ. ಬಸವೇಶ್ವರನಗರದ ಮೇಷ್ಟರಿಗೆ ಫೋನ್ ಮಾಡಿ ಸರಿಹೋಯಿತು ಎಂದೆ. ಅವರ ಮಗಳ ಹಾಳೆ ಯಾರ ಮನೆಯಲ್ಲಿದೆ ಎಂದು ಮಾತ್ರ ಹೇಳಲಾಗಲಿಲ್ಲ.

ರಂಗನಾಥರಿಗೆ ಎಲ್ಲವನ್ನೂ ಹೇಳಿದೆ. ಅವರು ಹೊಸ ವರ್ಷನ್ ಹಾಕಿದ್ದೇವೆ ಎಂದು ಮಾಹಿತಿ ಕೇಂದ್ರಕ್ಕೆ ತಿಳಿಸೋಣ ಎಂದರು. ಆ ಹುಡುಗಿಯ ವಿಷಯ ಕೆದಕುವುದು ಬೇಡ, ಕೆದಕಿದರೆ ಆಫೀಸಿನ ಮಾನ ಹೋಗುತ್ತದೆ ಎಂದರು. ನಿನ್ನೆ ಕೆಂಗೇರಿಯ ಯಾವುದೋ ಕಂಪನಿಯವರು ಅವಳ ಬಗ್ಗೆ ವಿಚಾರಿಸಿ ಫೋನ್ ಮಾಡಿದ್ದರು, ಪತ್ರದಲ್ಲಿದ್ದದ್ದನ್ನೇ ಹೇಳಿದೆ, ಎರಡನೆಯ ಫೋನ್ ಅದು ಎಂದೂ ಸೇರಿಸಿದರು. ಆ ಮಾತು ಕೇಳಿಯೂ ನಾನು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ರಂಗನಾಥರ ಬಳಿ ಹೋಗಿ, ಪತ್ರ ಬದಲಾಗದಿದ್ದರೆ ನನ್ನ ರಾಜೀನಾಮೆಯನ್ನೂ ತೆಗೆದುಕೊಳ್ಳಿ ಎಂದೆ. ಸರ್ವರನ್ನು ಬಿಚ್ಚಿ ಜೋಡಿಸಬಲ್ಲವನು ಆ ಆಫೀಸಿನಲ್ಲಿ ನಾನೊಬ್ಬನೇ ಇದ್ದೆ. ಅವರು ಗೊಣಗುತ್ತ ಹಳೆಯ ಪತ್ರ ರದ್ದು ಮಾಡಿದರು, ಅವಳನ್ನು ವಾಪಸ್ಸು ಕರೆಯಲು ಒಪ್ಪಿದರು, ಉಳಿದದ್ದು ನಿಮ್ಮ ಕೈಯಲ್ಲೇ ಬರೆದುಕೊಳ್ಳಿ ಎಂದು ಆಫೀಸಿನ ಸೀಲು ಹಾಕಿದ ನಾಲ್ಕು ಲೆಟರ್‌ಹೆಡ್ ಕೊಟ್ಟರು.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಶ್ರೀಗಂಧದ ಕಾವಲಿನ ಆ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಗೆ ಸ್ವಲ್ಪ ಜಾಗ. ಅವಳ ತಾಯಿ ನೆಲದ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು, ಏಳಲಿಲ್ಲ. ಗಿರಿಜಾ ಚಾಪೆ ಹಾಸಿದಳು. ನಾನು ಟೈಪ್ ಮಾಡಿಸಿದ ಪತ್ರ ಕೊಟ್ಟೆ. ಸರ್ವರ್ ಪ್ರೋಗ್ರಾಮಿನಲ್ಲಿ ದೋಷವಿತ್ತು, ಅದಕ್ಕೂ ಇವರಿಗೂ ಸಂಬಂಧವಿಲ್ಲ, ಕೆಲಸಕ್ಕೆ ಮರಳಬಹುದು ಎಂದಿತ್ತು. ಅವಳು ಎರಡು ಸಲ ಓದಿದಳು.

"ಕೆಲಸಕ್ಕ ನಾ ಬರಂಗಿಲ್ರಿ," ಎಂದಳು. "ಆದ್ರ ಈ ಪತ್ರದಾಗ ತಪ್ಪ ಯಾರದು, ಹುಡುಕಿದವರು ಯಾರು ಅಂತ ಇಲ್ರಲ್ಲ ಸರ."

ಇರಲಿಲ್ಲ. ಬೇಕೆಂದೇ ಬಿಟ್ಟಿದ್ದೆ. ಇನ್ನೊಂದು ಲೆಟರ್‌ಹೆಡ್ ತೆಗೆದು, ವಾಪಸ್ಸು ಕೊಡಲು ತಂದಿದ್ದ ಅವಳ ನೋಟ್‌ಬುಕ್ಕನ್ನೇ ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದೆ. ಇಂಥ ಸಾಲನ್ನು ಬರೆದವನು ನಾನು. ಪುಟಗಳು ಅದಲು ಬದಲಾದದ್ದು ಅದರಿಂದ. ಅದನ್ನು ಮೊದಲು ಕಂಡುಹಿಡಿದವರು ಗಿರಿಜಾ. ಅವರು ನನಗೆ ಹೇಳಿದರು, ನಾನು ನಂಬಲಿಲ್ಲ. ಕೆಳಗೆ ಹೆಸರು ಬರೆದು ಸಹಿ ಮಾಡಿ ಕೊಟ್ಟೆ. ಗಿರಿಜಾ ಓದಿ ತಲೆಯಾಡಿಸಿದಳು. ಮುಂದಿನ ತಿಂಗಳು ಕೆಂಗೇರಿಯ ಅದೇ ಕಂಪನಿ ಅವಳನ್ನು ತೆಗೆದುಕೊಂಡಿತೆಂದು ಆಮೇಲೆ ಕೇಳಿದೆ.

ನಾನು ಏಳಲು ಹೊರಟಾಗ ಅವಳ ತಾಯಿ ಮೊದಲ ಸಲ ಮಾತಾಡಿದರು. ಅದರಲ್ಲಿ ಏನು ಬರೆದಿದ್ದೀರಿ, ತಮಗೂ ತಿಳಿಯುವ ಹಾಗೆ ಓದಿ ಎಂದರು. ಮಗಳು ಓದಲು ಕೈ ಚಾಚಿದಳು, ಅವರು ಬೇಡವೆಂದರು. ನಾನೇ ಓದಬೇಕಿತ್ತು. ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಥ್ರೆಡ್ಡು, ನಂಬರು ಅವರಿಗೆ ಬೇಕಿರಲಿಲ್ಲ, ಅದನ್ನು ಕೇಳಿಸಿಕೊಳ್ಳುತ್ತಲೇ ಜೋಳದೊಳಗಿನ ಕಲ್ಲು ಆರಿಸುತ್ತಿದ್ದರು. ಗಿರಿಜಾ ನನಗೆ ಹೇಳಿದರು, ನಾನು ನಂಬಲಿಲ್ಲ ಎಂಬ ಸಾಲನ್ನು ಓದಿದಾಗ ತಾಯಿಯ ಕೈ ನಿಂತಿತು.

"ಯಾಕ ನಂಬಲಿಲ್ರಿ?"

ಇಡೀ ಆಫೀಸಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಹೇಳಲು ಸುಳ್ಳುಗಳು ಇದ್ದವು. ಅವರ ಮುಖ ನೋಡಿಕೊಂಡು ಅವು ಬಾಯಿಗೆ ಬರಲಿಲ್ಲ.

"ನಾನು ಬರೆದದ್ರಲ್ಲಿ ತಪ್ಪಿರತ್ತೆ ಅಂತ ನಂಗೆ ಅನಿಸ್ಲೇ ಇಲ್ಲಮ್ಮ," ಎಂದೆ. "ಬಂದು ಎರಡು ತಿಂಗಳಾಗದ ಹುಡುಗಿ ನಂಗೇನು ಹೇಳೋದು ಅಂದ್ಕೊಂಡೆ. ನನ್ನ ತಪ್ಪು ಅನ್ನೋದಕ್ಕಿಂತ ಇವಳು ಕಳ್ಳಿ ಅಂದ್ಕೊಳ್ಳೋದು ಸುಲಭವಾಯ್ತು."

ಅವರು ಮೊರವನ್ನು ಪಕ್ಕಕ್ಕೆ ಸರಿಸಿ, ಮಗಳ ಕೈಯಲ್ಲಿದ್ದ ಹಾಳೆಯನ್ನು ತೆಗೆದು ನನ್ನ ಮುಂದೆ ಇಟ್ಟರು.

"ಅದನ್ನೂ ಬರೀರಿ," ಎಂದರು.

ಸಹಿಯ ಕೆಳಗೆ ಎರಡು ಬೆರಳು ಜಾಗವಿತ್ತು. ಅಲ್ಲಿ ಬರೆದೆ, ಕನ್ನಡದಲ್ಲಿ.